ಫಲಕದ ಮೇಲೆ ಮಲಗಿರುವವಳು ನಮ್ಮಮ್ಮ

ನಗರದ ಬಯಲು ಕಲಾ ಉತ್ಸವದ ನಿರ್ದೇಶಕರ ಸನ್ನಿಧಾನಕ್ಕೆ,

ಮಾನ್ಯರೇ, ಕಡಲ ರಸ್ತೆಯ ವೃತ್ತದಲ್ಲಿ ತಾವು ನಿಲ್ಲಿಸಿರುವ ಜಾಹೀರಾತು ಫಲಕವನ್ನು ಆಕ್ರಾ ನಗರದಲ್ಲಿ ನೋಡದವರಿಲ್ಲ. ಆಳುದ್ದದ ಕೆಂಪು ಮೆಣಸಿನಕಾಯಿ, ಅದರ ಹೊಟ್ಟೆಯೊಳಗೆ ಬಿಳಿ ಲೇಸಿನ ಉಡುಪು ತೊಟ್ಟು, ಕಿವಿಗೆ ಕತ್ತಿಗೆ ಬಂಗಾರ ಹಾಕಿಕೊಂಡು, ಕಣ್ಣು ಮುಚ್ಚಿ ಮಲಗಿರುವ ಒಬ್ಬ ಹೆಂಗಸು. ಕೆಳಗೆ ದಪ್ಪ ಅಕ್ಷರಗಳಲ್ಲಿ ‘ಸಾವನ್ನೂ ನಗಿಸುವ ನಗರಕ್ಕೆ ಸ್ವಾಗತ’ ಎಂದು ಬರೆಸಿದ್ದೀರಿ. ಆ ಹೆಂಗಸು ನಟಿಯಲ್ಲ. ಆಕೆ ನಮ್ಮಮ್ಮ. ಆಕೆ ಸತ್ತಿದ್ದಾಳೆ. ಚಿತ್ರ ತೆಗೆದಾಗಲೂ ಸತ್ತೇ ಇದ್ದಳು. ದಯವಿಟ್ಟು ಆ ಫಲಕವನ್ನು ಇಳಿಸಿ ಎಂದು ಕೇಳಿಕೊಳ್ಳುವುದಕ್ಕೆ ಈ ಪತ್ರ.

ಇಷ್ಟು ಸಣ್ಣ ಕೋರಿಕೆಗೆ ಪತ್ರಿಕೆಯಲ್ಲಿ ಬರೆಯುವ ಅಗತ್ಯವೇನಿತ್ತು, ನೇರವಾಗಿ ಕಚೇರಿಗೆ ಬಂದು ಹೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಬಂದಿದ್ದೆ. ತಮ್ಮ ಆಪ್ತ ಸಹಾಯಕರು ಬಹಳ ಸಜ್ಜನರು, ಕುರ್ಚಿ ಕೊಟ್ಟರು, ತಣ್ಣನೆಯ ನೀರು ಕೊಟ್ಟರು.

“ಚಿತ್ರದಲ್ಲಿರೋ ಕಲಾವಿದೆ ನೀವೇನಾ ಮೇಡಂ?” ಎಂದು ಕೇಳಿದರು.

“ಅಲ್ಲ, ನಾನು ಅವರ ಮಗಳು.”

“ಹಂಗಾದ್ರೆ ಸ್ವಲ್ಪ ಕಷ್ಟ. ಆಕ್ಷೇಪಣೆ ಇದ್ರೆ ಕಲಾವಿದರೇ ಖುದ್ದಾಗಿ ಬಂದು ಹೇಳ್ಬೇಕು. ಮಕ್ಕಳು, ಮೊಮ್ಮಕ್ಕಳು ಅಂತ ಎಲ್ರೂ ಬಂದು ಹೇಳ್ತಾ ಹೋದ್ರೆ ನಾವು ಯಾರ ಮಾತು ಕೇಳೋದು ಹೇಳಿ?”

“ಅವ್ರು ಬರೋ ಸ್ಥಿತಿಲಿಲ್ಲ.”

“ಅವಸರ ಏನಿಲ್ಲ ಮೇಡಂ, ಹುಷಾರಾದ್ಮೇಲೆ ಬರ್ಲಿ.”

ಆಕೆಯನ್ನು ಮಣ್ಣು ಮಾಡಿ ಆಯಿತು ಎಂದು ನಾನು ಹೇಳಿದೆ. ಅವರು ಬೆರಳು ಆಡಿಸುತ್ತ ನಕ್ಕುಬಿಟ್ಟರು. “ಗೊತ್ತಾಯ್ತು, ಗೊತ್ತಾಯ್ತು. ನೀವೂ ಅದೇ ತಂಡದವ್ರು! ಇಲ್ಲೂ ಶುರು ಹಚ್ಕೊಂಡ್ರಾ?” ಎಂದರು. ತಮ್ಮ ಕಚೇರಿಯಲ್ಲಿ ನಿಜ ಹೇಳುವವರಿಗೆ ಇಷ್ಟೊಂದು ಪ್ರೋತ್ಸಾಹ ಸಿಗುತ್ತದೆಂದು ನನಗೆ ಗೊತ್ತಿರಲಿಲ್ಲ. ಹಾಗಾಗಿ ಊರಿನವರೆಲ್ಲರ ಎದುರಿಗೇ ಬರೆಯುತ್ತಿದ್ದೇನೆ.

ನಾನು ಒಬ್ಬ ದರ್ಜಿ. ಕಡಲಕೇರಿಯಲ್ಲಿ ಸಾವಿನ ಮನೆಗಳಿಗೆ ಬಟ್ಟೆ ಹೊಲಿಯುವುದು ನನ್ನ ಕಸುಬು, ಹಾಗಾಗಿ ಕೆಲಸಕ್ಕೆ ಬರವಿಲ್ಲ. ಕಲೆಯ ವಿಷಯದಲ್ಲಿ ನನಗೆ ಮಾತಾಡುವ ಅಧಿಕಾರವಿಲ್ಲ ಎಂದು ಒಪ್ಪಿಕೊಂಡೇ ಮುಂದುವರಿಯುತ್ತೇನೆ. ಆದರೆ ತಮ್ಮ ಉತ್ಸವವನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದು ಡೇರೆಯನ್ನೂ ಬಿಡದೆ ಸುತ್ತಿದ ನಾಗರಿಕರಲ್ಲಿ ನಾನೂ ಒಬ್ಬಳು. ಬರುವ ಉದ್ದೇಶ ಇರಲಿಲ್ಲ. ಆ ದಿನ ನಮ್ಮ ಮನೆಯಲ್ಲಿ ಬೇರೆ ಕೆಲಸವಿತ್ತು.

ಅದೇ ದಿನ ನಮ್ಮ ಕೇರಿಯಲ್ಲಿ ಶವಸಂಸ್ಕಾರವಿದೆಯೆಂದು ತಮಗೆ ತಿಳಿದಿರಲಿಲ್ಲ ಎಂದು ತಾವು ಹೇಳಬಹುದು. ತಿಳಿಸಿದ್ದೆವು. ನಮ್ಮ ಗಾ ಬುಡಕಟ್ಟಿನ ಜನ ಸತ್ತರೆ ಗೋಡೆಗಳಿಗೆ ಗೊತ್ತಾಗದೆ ಇರುವುದಿಲ್ಲ. ಅಮ್ಮನ ಬಣ್ಣದ ಚಿತ್ರ, ಹುಟ್ಟಿದ ಊರು, ಬಿಟ್ಟುಹೋದ ಮಕ್ಕಳು, ಹೂಳುವ ಶನಿವಾರ, ಎಲ್ಲ ಅಚ್ಚು ಹಾಕಿಸಿ ಕೇರಿಯ ಉದ್ದಕ್ಕೂ ಅಂಟಿಸಿದ್ದೆವು. ಆಮೇಲೆ ತಮ್ಮ ಕಲಾವಿದರು ಏಣಿ ಹೊತ್ತುಕೊಂಡು ಬಂದು ಆ ಗೋಡೆಗಳ ಮೇಲೆ ನೀಲಿ ತಿಮಿಂಗಿಲಗಳನ್ನು ಬರೆದರು. ತಿಮಿಂಗಿಲಗಳು ಚೆನ್ನಾಗಿದ್ದವು, ಇಲ್ಲ ಎನ್ನುವುದಿಲ್ಲ. ನಮ್ಮಮ್ಮ ಅವುಗಳ ಹೊಟ್ಟೆಯೊಳಗಿದ್ದಾಳೆ. ತಿಳಿಸಿರಲಿಲ್ಲ ಎಂದು ಮಾತ್ರ ದಯವಿಟ್ಟು ಹೇಳಬೇಡಿ.

ಅಮ್ಮನ ಹೆಸರು ಕೊರ್ಕೊ. ಕೇರಿಯ ಮೂಲೆಯಲ್ಲಿ ಕೆಂಕಿ ಮಾರುತ್ತಿದ್ದಳು. ಮೆಕ್ಕೆಜೋಳದ ಹಿಟ್ಟನ್ನು ಹುಳಿ ಬರಿಸಿ, ತೆನೆಯ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಉಂಡೆ ಎಲ್ಲರ ಹತ್ತಿರವೂ ಸಿಗುತ್ತದೆ. ಜನ ಅವಳ ಹತ್ತಿರ ಬರುತ್ತಿದ್ದದ್ದು ಜೊತೆಗೆ ಕೊಡುವ ಖಾರಕ್ಕೆ. ಅದನ್ನು ತಿಂದು ಅತ್ತವರಿದ್ದಾರೆ, ಅತ್ತು ಮತ್ತೆ ಕೇಳಿದವರಿದ್ದಾರೆ. ಅವಳ ನಾಲಗೆ ಆ ಖಾರಕ್ಕಿಂತ ಜೋರು. ಸಾಯುವುದಕ್ಕೆ ಮೊದಲೇ ತನ್ನ ಶವಪೆಟ್ಟಿಗೆಯನ್ನು ತಾನೇ ಹೇಳಿ ಮಾಡಿಸಿದಳು. ನಮ್ಮಲ್ಲಿ ಪೆಟ್ಟಿಗೆಗೆ ಸತ್ತವರ ಕಸುಬಿನದೇ ಆಕಾರ: ಮೀನುಗಾರ ಮೀನಿನೊಳಗೆ ಹೋಗುತ್ತಾನೆ, ಚಾಲಕ ಬಸ್ಸಿನೊಳಗೆ ಹೋಗುತ್ತಾನೆ. ಇವಳು ಬಡಗಿ ಅತಾ ಲಾರ್ಯಾ ಅವರ ಅಂಗಡಿಗೆ ಹೋಗಿ ಕೆಂಪು ಮೆಣಸಿನಕಾಯಿ ಬೇಕೆಂದಳು. ಅವರು ಮಾಡಿದ್ದನ್ನು ನೋಡಿ ಅಲ್ಲೇ ಜಗಳ ತೆಗೆದಳು.

“ಇದೇನ್ ಲಾರ್ಯಾ, ಹಿಂಗೆ ನೆಟ್ಟಗೆ ಮಾಡಿದೀಯ? ಮೆಣಸಿನಕಾಯಿಗೆ ಕೊನೇಲಿ ಬಾಗು ಇರ್ಬೇಕು. ಇದು ಗಜ್ಜರಿ. ನನ್ನೇನ್ ಮೊಲ ಅಂದ್ಕೊಂಡಿದೀಯಾ?”

“ಬಾಗಿದ್ರೆ ಕಾಲು ಎಲ್ಲಿ ಚಾಚ್ತೀಯೇ ಮಾರಾಯ್ತಿ?”

“ನನ್ನ ಕಾಲಿನ ಚಿಂತೆ ನಿಂಗ್ಯಾಕೆ? ಬದುಕಿದ್ದಾಗ ಎಲ್ಲಿ ಚಾಚೋಕೆ ಬಿಟ್ರಿ ನೀವೆಲ್ಲ, ಸತ್ತ ಮೇಲೆ ಮಡಚ್ಕೋತೀನಿ.”

ಅವರು ಬಿಚ್ಚಿ ಮತ್ತೆ ಮಾಡಿದರು. ಬಾಗು ಬಂತು. ಅವಳು ಅದರೊಳಗೆ ಒಮ್ಮೆ ಮಲಗಿ ನೋಡಿ, ಎದ್ದು, ಪರವಾಗಿಲ್ಲ ಎಂದಳು. ಅವಳ ಬಾಯಿಂದ ಪರವಾಗಿಲ್ಲ ಎಂಬ ಮಾತು ಬಂದದ್ದನ್ನು ಕೇಳಿದವರು ಕಡಿಮೆ. ಅದರೊಳಗೆ ಮಲಗಿಸುತ್ತೇವೆಂದು ನಾನೂ ನನ್ನ ತಮ್ಮ ಅಕ್ವೇಯೂ ಅವಳ ಕೈ ಹಿಡಿದು ಮಾತು ಕೊಟ್ಟಿದ್ದೆವು.

ಈಗ ಕೇಳಿ, ತಪ್ಪು ಎಲ್ಲಿ ಆಯಿತೆಂದು. ನಮ್ಮ ಮನೆತನದಲ್ಲಿ ಖಾಲಿ ಪೆಟ್ಟಿಗೆಯನ್ನು ಹೂಳುವ ದಿನದ ಬೆಳಗ್ಗೆಗೆ ಮುಂಚೆ ಮನೆಯೊಳಗೆ ತರುವುದಿಲ್ಲ. ತಂದರೆ ಅದು ಮನೆಯಲ್ಲಿ ಇನ್ನೊಬ್ಬರ ಅಳತೆ ತೆಗೆದುಕೊಳ್ಳುತ್ತದೆಂಬ ಹೆದರಿಕೆ. ಹಾಗೆಯೇ, ಒಳಗೆ ಆಳು ಮಲಗುವ ತನಕ ಅದು ನೆಲ ಮುಟ್ಟಬಾರದು. ಶನಿವಾರ ಬೆಳಗ್ಗೆ ಅಕ್ವೇ ನಮ್ಮ ಚಿಕ್ಕಪ್ಪನ ಮಕ್ಕಳನ್ನು ಕರೆದುಕೊಂಡು ಅತಾ ಲಾರ್ಯಾ ಅವರ ಅಂಗಡಿಗೆ ಹೋದ. ಹೆಗಲ ಮೇಲೆ ಹೊತ್ತು ಹೊರಗೆ ಬಂದ ಮೇಲೆ ಬಡಗಿಗೆ ನೆನಪಾಯಿತು, ಪೆಟ್ಟಿಗೆ ಬಿಟ್ಟುಕೊಡುವ ಮೊದಲು ಗತಿಸಿದ ಹಿರಿಯರಿಗೆ ಮದ್ಯ ಎರೆಯಬೇಕು, ಹೊತ್ತವರೂ ಒಳಗಿರಬೇಕು. ಪೆಟ್ಟಿಗೆಯನ್ನು ಎಲ್ಲಿಡುವುದು? ಅಂಗಡಿಯ ಎದುರಿಗೇ ಸೊಂಟದೆತ್ತರದ ಬಿಳಿಯ ಕಟ್ಟೆಯೊಂದು ಖಾಲಿ ನಿಂತಿತ್ತು. ತಮ್ಮ ಉತ್ಸವದವರು ಶಿಲ್ಪ ನಿಲ್ಲಿಸಲೆಂದು ಹಿಂದಿನ ದಿನವಷ್ಟೇ ತಂದು ಇಟ್ಟದ್ದು. ನೆಲವಲ್ಲವಲ್ಲ ಎಂದು ಅದರ ಮೇಲೆ ಇಟ್ಟು ಒಳಗೆ ಹೋದರು.

ಅತಾ ಲಾರ್ಯಾ ಅವರು ಹಿರಿಯರಿಗೆ ಎರೆಯಲು ನಿಂತರೆ ಬೇಗ ಮುಗಿಯುವ ಬಾಬತ್ತಲ್ಲ. ಒಬ್ಬೊಬ್ಬ ಮುತ್ತಜ್ಜನನ್ನೂ ಹೆಸರು ಹಿಡಿದು ಕರೆದು, ಅಂಗಡಿಯಲ್ಲಿ ಅಮ್ಮ ಆಡಿದ ಜಗಳಗಳನ್ನೆಲ್ಲ ಅವರಿಗೆ ವರದಿ ಒಪ್ಪಿಸಿ, ಇನ್ನು ಮುಂದೆ ನೀವೇ ಅನುಭವಿಸಿ ಎಂದು ಮುಗಿಸಿದರಂತೆ. ನಗುತ್ತ, ಕಣ್ಣೊರೆಸಿಕೊಳ್ಳುತ್ತ ಎಲ್ಲರೂ ಹೊರಗೆ ಬಂದರೆ ಮೆಣಸಿನಕಾಯಿಯ ಸುತ್ತ ಹಗ್ಗ ಕಟ್ಟಿತ್ತು. ಮುಂದೆ ಒಂದು ಚೀಟಿ ಅಂಟಿತ್ತು. ‘ಖಾರ. ಕಲಾವಿದ: ಅನಾಮಿಕ. ಮುಟ್ಟಬಾರದು.’

ಹಗ್ಗ ಕಾಯುತ್ತಿದ್ದವನು ಒಬ್ಬ ದಪ್ಪನೆಯ ಕಾವಲುಗಾರ. ಹಳದಿ ಅಂಗಿ ಅವನ ಹೊಟ್ಟೆಯ ಮೇಲೆ ಬಿಗಿದು ನಿಂತಿತ್ತು. ಹೆಸರು ಟಾಗೋ, ನಮ್ಮ ಕೇರಿಯವನೇ. ಸುದ್ದಿ ಕೇಳಿ ನಾನು ಓಡಿ ಬರುವ ಹೊತ್ತಿಗೆ ಅಕ್ವೇ ಅವನ ಕೊರಳಪಟ್ಟಿ ಹಿಡಿದಿದ್ದ.

“ಲೇ ಟಾಗೋ, ಇದು ನಮ್ಮಮ್ಮನ ಪೆಟ್ಟಿಗೆ ಅಂತ ನಿಂಗೊತ್ತಿಲ್ವೇನೋ?”

“ಗೊತ್ತಿಲ್ದೆ ಏನು? ನಿಮ್ಮಮ್ಮನ ಖಾರ ತಿಂದೇ ಬೆಳ್ದೋನು ನಾನು. ಆದ್ರೆ ಇದು ಈಗ ಪ್ರದರ್ಶನಕ್ಕೆ ಸೇರಿಬಿಟ್ಟಿದೆ ಕಣಪ್ಪ. ಹಗ್ಗ ಬಿಚ್ಚೋದು ನನ್ನ ಕೈಲಿಲ್ಲ.”

“ನಿನ್ ಕೈಲೇ ಇದೆಯಲ್ಲೋ ಹಗ್ಗ!”

“ಕೈಲಿದೆ. ಕೈಲಿಲ್ಲ. ಅಕ್ಕ, ನೀನಾದ್ರೂ ಹೇಳು ಇವಂಗೆ. ಸುಮ್ನೆ ಡೇರೆಗೆ ಹೋಗಿ ಒಂದು ಮಾತು ಹೇಳ್ಕೊಂಡು ಬನ್ನಿ, ಈಗಲೇ ಬಿಚ್ತೀನಿ. ನಂಗೂ ಹೆಂಡ್ತಿ ಮಕ್ಕಳಿದಾರೆ.”

ಹಗ್ಗದ ಆಚೆ ಆಗಲೇ ಜನ ಸೇರಿದ್ದರು, ಫೋನು ಎತ್ತಿ ಹಿಡಿದಿದ್ದರು. ಎಳೆದಾಡಿ ಪೆಟ್ಟಿಗೆ ನೆಲಕ್ಕೆ ಬಿದ್ದರೆ ಗತಿಯೇನು ಎಂದು ನಾನೇ ಅಕ್ವೇಯ ಕೈ ಬಿಡಿಸಿದೆ. ಒಂದು ಮಾತು ತಾನೇ, ಹೇಳಿ ಬರೋಣ ಎಂದೆ. ಹಾಗೆ ಶುರುವಾಯಿತು, ಮಾನ್ಯರೇ, ನನ್ನ ಕಲಾಯಾತ್ರೆ.

ಮೊದಲನೆಯ ಡೇರೆಯಲ್ಲಿ ಒಬ್ಬ ತರುಣಿ ಬಹಳ ಅನುಕಂಪದಿಂದ ಕೇಳಿಸಿಕೊಂಡು, ಶಿಲ್ಪಗಳ ವಿಷಯ ತನಗೆ ಸೇರಿದ್ದಲ್ಲ, ತಾನು ಬರೀ ಕಾವ್ಯ ಎಂದಳು. ಶಿಲ್ಪದ ಡೇರೆಯವರು ಚೀಟಿ ಅಂಟಿದ ಮೇಲೆ ಅದು ತೀರ್ಪುಗಾರರ ಸ್ವತ್ತು ಎಂದರು. ತೀರ್ಪುಗಾರರು ಊಟಕ್ಕೆ ಹೋಗಿದ್ದರು. ಭದ್ರತೆಯ ಡೇರೆಯಲ್ಲಿದ್ದ ಅಧಿಕಾರಿಯೊಬ್ಬರು, ನಿಮ್ಮ ಕಲಾಕೃತಿಗೆ ಒಳ್ಳೆಯ ಜಾಗ ಸಿಕ್ಕಿದೆ, ಯಾಕೆ ಹಿಂತೆಗೆದುಕೊಳ್ಳುತ್ತೀರಿ, ಧೈರ್ಯವಾಗಿರಿ ಎಂದು ಬೆನ್ನು ತಟ್ಟಿದರು. ನಾನು ಹೊಲಿದು ಉಟ್ಟುಕೊಂಡಿದ್ದ ಕಪ್ಪು ಕೆಂಪು ಸಾವಿನ ಬಟ್ಟೆಯನ್ನು ನೋಡಿ ಇಬ್ಬರು ಪರದೇಶದ ಹೆಂಗಸರು ಮುಟ್ಟಬಹುದೇ ಎಂದು ಕೇಳಿ ಮುಟ್ಟಿದರು. ಎಲ್ಲೂ ಯಾರೂ ನನ್ನನ್ನು ಗದರಿಸಲಿಲ್ಲ. ಗದರಿಸಿದ್ದರೆ ತಿರುಗಿ ಗದರಿಸಬಹುದಿತ್ತು, ಅಮ್ಮನಿಂದ ಅಷ್ಟು ವಿದ್ಯೆ ಬಂದಿದೆ. ನಗುವವರ ಜೊತೆ ಹೇಗೆ ಜಗಳವಾಡುವುದು?

ನ್ಯಾಯವಾಗಿ ಹೇಳಬೇಕೆಂದರೆ ಉತ್ಸವ ಕಳಪೆಯಾಗಿರಲಿಲ್ಲ. ಮರಗಾಲು ಕಟ್ಟಿಕೊಂಡವರು ವಿದ್ಯುತ್ ತಂತಿಗೆ ತಲೆ ತಗ್ಗಿಸಿ ಹೋಗುತ್ತಿದ್ದರು. ಹರಕು ಬಲೆಗಳಿಂದ ಮಾಡಿದ ದೊಡ್ಡ ಹಕ್ಕಿಯೊಂದು ಹಳೇ ಉಗ್ರಾಣದ ಮಾಡಿನಿಂದ ತೂಗುತ್ತಿತ್ತು. ಗಾಳಿ ಬಂದಾಗ ಅದು ರೆಕ್ಕೆ ಎತ್ತುವುದನ್ನು ನೋಡುತ್ತ, ನಾನು ಏನು ಹುಡುಕಿ ಬಂದೆನೆಂಬುದನ್ನೇ ಒಂದು ಕ್ಷಣ ಮರೆತೆ. ಬೇರೆ ದಿನವಾಗಿದ್ದರೆ ಅಮ್ಮನೇ ಕುರ್ಚಿ ಹಾಕಿಕೊಂಡು ಕೂತು ಎಲ್ಲವನ್ನೂ ನೋಡಿ, ಎಲ್ಲರಿಗೂ ಒಂದೊಂದು ಹೆಸರಿಡುತ್ತಿದ್ದಳು. ಅಂದ ಹಾಗೆ, ಅವಳು ಕೂರುತ್ತಿದ್ದ ಮೂಲೆಯಲ್ಲಿ ತಾವು ‘ಸಾಂಪ್ರದಾಯಿಕ ಕೆಂಕಿ ಅನುಭವ’ ಎಂಬ ಮಳಿಗೆ ಹಾಕಿಸಿದ್ದಿರಿ. ನಾನು ತಿಂದು ನೋಡಿದೆ. ಅದರ ಖಾರಕ್ಕೆ ಸಕ್ಕರೆ ಹಾಕಿದ್ದರು.

ಇಷ್ಟರಲ್ಲಿ ಮನೆಯಂಗಳದಲ್ಲಿ ಅಮ್ಮ ಕಾಯುತ್ತಿದ್ದಳು. ಶವಾಗಾರದಿಂದ ತಂದು, ಮೀಯಿಸಿ, ಉಡಿಸಿ, ಹಿತ್ತಾಳೆಯ ಮಂಚದ ಮೇಲೆ ಮಲಗಿಸಿದ್ದರು. ದೂರದೂರಿಂದ ಬಂದ ನಂಟರು ಸುತ್ತ ಕೂತಿದ್ದರು. ಬಿಸಿಲು ಏರುತ್ತಿತ್ತು. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಮಣ್ಣು ಹಾಕುವುದಿಲ್ಲ. ಅಂದು ಆಗದಿದ್ದರೆ ಅವಳನ್ನು ಮತ್ತೆ ಶವಾಗಾರದ ತಣ್ಣನೆಯ ಪೆಟ್ಟಿಗೆಗೆ ಕಳಿಸಬೇಕಿತ್ತು. ಹೊಸಿಲು ದಾಟಲು ನಿಂತವಳನ್ನು ಹಿಂದಕ್ಕೆ ತಳ್ಳಿದ ಹಾಗೆ ಅದು. ಚಿಕ್ಕಪ್ಪ ಯಾವುದಾದರೂ ಹಲಗೆಯ ಪೆಟ್ಟಿಗೆ ತರೋಣ ಎಂದರು. ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ ದೆದೇ, ಬಾಯಿ ಮುಚ್ಚು ಎಂದಳಂತೆ.

ಮಧ್ಯಾಹ್ನ ನಾನು ಕೊನೆಗೆ ತಮ್ಮನ್ನು ಕಂಡೆ. ಡೇರೆಯಲ್ಲಲ್ಲ, ಮೆಣಸಿನಕಾಯಿಯ ಎದುರಿಗೇ. ತಾವು ಕಪ್ಪು ಕನ್ನಡಕ ಹಾಕಿಕೊಂಡು, ನಾಲ್ಕಾರು ಅತಿಥಿಗಳಿಗೆ ಅದರ ಅರ್ಥ ಬಿಡಿಸಿ ಹೇಳುತ್ತಿದ್ದಿರಿ. ಕೊನೆಯಲ್ಲಿರುವ ಬಾಗು ಇಡೀ ಖಂಡದ ಬಾಗಿದ ಬೆನ್ನು ಎಂದು ತಾವು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ನಾನು ಹಗ್ಗದ ಹತ್ತಿರ ಹೋಗಿ ಕೈ ಮುಗಿದು, “ಸ್ವಾಮಿ, ಇದು ನಮ್ಮಮ್ಮನ ಶವಪೆಟ್ಟಿಗೆ. ಅವ್ರು ಮನೇಲಿ ಕಾಯ್ತಾ ಇದಾರೆ. ದಯವಿಟ್ಟು ಕೊಡ್ಸಿ” ಎಂದೆ. ಬೆಳಗಿನಿಂದ ಬಿಗಿಹಿಡಿದಿದ್ದ ಅಳು ಆಗ ಬಂದುಬಿಟ್ಟಿತು. ನನ್ನನ್ನು ಹುಡುಕಿಕೊಂಡು ಬಂದಿದ್ದ ದೆದೇ ದೊಡ್ಡಮ್ಮ ನನ್ನ ಪಕ್ಕದಲ್ಲಿ ಎರಡೂ ಕೈ ತಲೆಯ ಮೇಲಿಟ್ಟು, ತಂಗಿಯ ಹೆಸರು ಕರೆದು ಗೋಳಿಟ್ಟಳು.

ತಾವು ಚಪ್ಪಾಳೆ ತಟ್ಟಿದಿರಿ.

ತಾವು ತಟ್ಟಿದ್ದನ್ನು ನೋಡಿ ಅತಿಥಿಗಳು ತಟ್ಟಿದರು, ಅತಿಥಿಗಳನ್ನು ನೋಡಿ ಜನರೆಲ್ಲ ತಟ್ಟಿದರು. ಯಾರೋ ಶಿಳ್ಳೆ ಹೊಡೆದರು. ನಾವು ಅತ್ತಷ್ಟೂ ಅದು ಜೋರಾಯಿತು. ಇವರ ಚಪ್ಪಾಳೆ ನಿಲ್ಲಬೇಕಾದರೆ ನಾವು ಅಳು ನಿಲ್ಲಿಸಬೇಕು ಎಂದು ಹೊಳೆಯುವ ಹೊತ್ತಿಗೆ ತಾವು ಹತ್ತಿರ ಬಂದು, ದೊಡ್ಡಮ್ಮನ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದಿರಿ. ತಮ್ಮ ಮಾತನ್ನು ಒಂದಕ್ಷರ ಬದಲಿಸದೆ ಬರೆಯುತ್ತೇನೆ.

“ಅದ್ಭುತ ಅಜ್ಜಿ, ಅದ್ಭುತ! ಸಾಯಂಕಾಲ ದೊಡ್ಡ ಅತಿಥಿಗಳು ಬರ್ತಾರೆ. ಆಗ ಇನ್ನೊಂದು ಸಲ ಹಿಂಗೇ ಅಳ್ತೀರಾ?”

ದೊಡ್ಡಮ್ಮ ತಮ್ಮನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಮೂಗೊರೆಸಿಕೊಂಡಳು. “ಅಳ್ತೀನಪ್ಪ. ಅಳದೆ ಏನ್ಮಾಡ್ಲಿ” ಎಂದಳು. ನನ್ನ ಕೈ ಹಿಡಿದು ಎಳೆದುಕೊಂಡು ಮನೆಯ ಕಡೆಗೆ ಹೊರಟಳು. ಅಂಗಳಕ್ಕೆ ಬಂದವಳೇ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

“ಮೆಣಸಿನಕಾಯಿ ಇವಳ ಹತ್ರ ಬರಲ್ವಂತೆ. ಇವಳೇ ಮೆಣಸಿನಕಾಯಿ ಹತ್ರ ಹೋಗ್ಲಿ. ಎತ್ರೋ ಮಂಚ.”

“ಅಕ್ಕ, ಪೆಟ್ಟಿಗೆ ಇಲ್ದೆ ಬೀದೀಲಿ? ಊರೋರು ಏನಂತಾರೆ?” ಎಂದರು ಚಿಕ್ಕಪ್ಪ.

“ಏನಂತಾರೆ? ಚೆನ್ನಾಗಿದೆ ಅಂತಾರೆ. ಬೆಳಗ್ಗೆಯಿಂದ ಅದನ್ನೇ ಅಂತಿದಾರೆ. ಹಿಂಗೆ ಬಿಟ್ರೆ ಹೊತ್ತು ಮುಳುಗುತ್ತೆ. ನನ್ನ ತಂಗೀನ ವಾಪಸ್ ಐಸಿನ ಪೆಟ್ಟಿಗೆಗೆ ಹಾಕೋಕೆ ನಾನು ಬಿಡಲ್ಲ. ಎತ್ತು ಅಂದ್ರೆ ಎತ್ತು.”

ಎತ್ತಿದರು. ಅಕ್ವೇ ತಲೆಯ ಕಡೆ ಹೆಗಲು ಕೊಟ್ಟ. ಹಿತ್ತಾಳೆ ವಾದ್ಯದವರು ಮುಂದೆ, ಹಿಂದೆ ನಮ್ಮ ಇಡೀ ಮನೆತನ, ಎಲ್ಲರೂ ನಾನು ಹೊಲಿದ ಒಂದೇ ಬಟ್ಟೆಯಲ್ಲಿ. ತಮ್ಮ ಉತ್ಸವದ ಕಮಾನಿನ ಕೆಳಗೆ ಬರುವ ಹೊತ್ತಿಗೆ ಸಂಜೆಯಾಗುತ್ತಿತ್ತು. ಜನ ಕೂಗಿ ಸ್ವಾಗತಿಸಿದರು. ದಾರಿ ಬಿಟ್ಟರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದರು. “ಒಂದು ಸಲಾನೂ ರೆಪ್ಪೆ ಅಲ್ಲಾಡಿಸ್ಲಿಲ್ಲ ನೋಡೇ, ಎಂಥಾ ಅಭ್ಯಾಸ ಇರ್ಬೇಕು!” ಎಂದು ಒಬ್ಬಳು ತನ್ನ ಗೆಳತಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ನನಗೆ ನಗು ಬಂತು, ಮಾನ್ಯರೇ. ಅಮ್ಮನ ಹೆಣದ ಹಿಂದೆ ನಡೆಯುತ್ತ ನಾನು ನಕ್ಕೆ. ಆ ನಗುವಿಗೆ ನನಗೆ ಇಂದಿಗೂ ನಾಚಿಕೆಯಾಗುತ್ತದೆ.

ಕಟ್ಟೆಯ ಹತ್ತಿರ ಬಂದಾಗ ಟಾಗೋ ಅಮ್ಮನ ಮುಖ ನೋಡಿದ. ತಲೆಯ ಟೋಪಿ ತೆಗೆದ. ಯಾರನ್ನೂ ಕೇಳದೆ ಹಗ್ಗ ಬಿಚ್ಚಿ ಸುತ್ತಿ ಬದಿಗೆಸೆದ. “ಬಾರಮ್ಮ, ಮಲ್ಕೋ” ಎಂದ. ಅಕ್ವೇ ಮತ್ತು ಉಳಿದವರು ಅವಳನ್ನು ಎತ್ತಿ ಮೆಣಸಿನಕಾಯಿಯೊಳಗೆ ಮಲಗಿಸಿದರು. ಬಡಗಿ ಹೇಳಿದ್ದು ನಿಜವಾಯಿತು, ಕಾಲು ಸ್ವಲ್ಪ ಮಡಚಬೇಕಾಯಿತು. ದೊಡ್ಡಮ್ಮ ಬಾಗಿ ಲೇಸಿನ ಅಂಚು ಸರಿಮಾಡುತ್ತ, ಸಂಜೆಗೆ ಅಳುತ್ತೇನೆಂದು ಕೊಟ್ಟ ಮಾತನ್ನು ಉಳಿಸಿಕೊಂಡಳು. ತಮ್ಮ ಛಾಯಾಗ್ರಾಹಕ ಏಣಿ ಹತ್ತಿ ಚಿತ್ರ ತೆಗೆದದ್ದು ಆ ಹೊತ್ತಿನಲ್ಲೇ. ಚಿತ್ರದಿಂದ ದೊಡ್ಡಮ್ಮನ ಕೈಯನ್ನು ಕತ್ತರಿಸಿ ತೆಗೆದು ಫಲಕಕ್ಕೆ ಹಾಕಿದ್ದೀರಿ, ಅಳತೆಗೆ ಬರಲಿಲ್ಲವೇನೋ.

ಮೊದಲು ತಿಳಿದದ್ದು ಒಬ್ಬ ದೊಡ್ಡ ಅತಿಥಿಗೆ. ವಯಸ್ಸಾದ ಹೆಂಗಸು, ರೇಷ್ಮೆಯ ತಲೆವಸ್ತ್ರ ಕಟ್ಟಿಕೊಂಡಿದ್ದರು. ನಟಿಯನ್ನು ಅಭಿನಂದಿಸಲು ಅಮ್ಮನ ಕೈ ಹಿಡಿದುಕೊಂಡರು. ಹಿಡಿದವರು ತಕ್ಷಣ ಬಿಡಲಿಲ್ಲ. ಮುಖದ ಬಣ್ಣ ಇಳಿಯಿತು, ಆದರೂ ಆ ಕೈಯನ್ನು ಎರಡೂ ಕೈಗಳಿಂದ ಜೋಪಾನವಾಗಿ ಎದೆಯ ಮೇಲಿಟ್ಟು, ಮಂಡಿಯೂರಿದರು. “ಕ್ಷಮಿಸಮ್ಮ” ಎಂದರು. ಆಗ ಜನರ ಕೈಯಲ್ಲಿದ್ದ ಫೋನುಗಳು ಒಂದೊಂದಾಗಿ ಕೆಳಗಿಳಿದವು. ಮರಗಾಲಿನವರು ಗೋಡೆಗೊರಗಿ ನಿಂತರು. ತಾವು ಹಣೆಯ ಮೇಲೇರಿಸಿದ್ದ ಕಪ್ಪು ಕನ್ನಡಕವನ್ನು ಮತ್ತೆ ಕಣ್ಣಿಗೆ ಹಾಕಿಕೊಂಡಿರಿ.

ಅಂದರೆ ತಮಗೆ ಗೊತ್ತಾಗಿತ್ತು. ಈ ಪತ್ರದ ಮುಖ್ಯ ಮಾತೇ ಇದು. ಮಧ್ಯಾಹ್ನ ತಟ್ಟಿದ ಚಪ್ಪಾಳೆಯನ್ನು ತಿಳಿಯದೆ ಮಾಡಿದ್ದೆಂದು ಬಿಟ್ಟುಬಿಡುತ್ತೇನೆ. ಹೊತ್ತವರು ಪೆಟ್ಟಿಗೆಯನ್ನು ತಮ್ಮ ಕಟ್ಟೆಯ ಮೇಲೆ ಇಟ್ಟದ್ದು ನಮ್ಮ ತಪ್ಪು, ಅದನ್ನೂ ಒಪ್ಪುತ್ತೇನೆ. ಗೊತ್ತಾದ ಮೇಲೆ ತಾವು ಮಾಡಿದ್ದೇನು? ನಾವು ಮುಚ್ಚಳ ಹಾಕಿ ಅವಳನ್ನು ಹೊತ್ತು ಗೋರಿಗಳ ಕಡೆಗೆ ಓಡುತ್ತಿದ್ದಾಗ, ಇನ್ನೂ ಬೆಳಕಿರುವಾಗಲೇ ಮಣ್ಣು ಸೇರಿಸಬೇಕೆಂದು ಟಾಗೋ ಹಳದಿ ಅಂಗಿಯಲ್ಲೇ ಒಂದು ಮೂಲೆಗೆ ಹೆಗಲು ಕೊಟ್ಟಿದ್ದಾಗ, ತಾವು ವೇದಿಕೆ ಹತ್ತಿ ಬಹುಮಾನ ಹಂಚಿದಿರಿ. ಬೀದಿ ಪ್ರದರ್ಶನಕ್ಕೆ ಮೂರನೆಯ ಬಹುಮಾನ ‘ಖಾರ’ ತಂಡಕ್ಕೆ. ಶವದ ಪಾತ್ರಧಾರಿಯ ಸಂಯಮವನ್ನು ತೀರ್ಪುಗಾರರು ವಿಶೇಷವಾಗಿ ಮೆಚ್ಚಿದ್ದಾರೆಂದು ಪ್ರಕಟಿಸಿದಿರಿ. ಮೊದಲ ಬಹುಮಾನ ಮೈಗೆಲ್ಲ ಬೆಳ್ಳಿ ಬಣ್ಣ ಬಳಿದುಕೊಂಡು ಅಲುಗಾಡದೆ ನಿಂತವನಿಗೆ ಹೋಯಿತಂತೆ. ನಮ್ಮಮ್ಮ ಅವನಷ್ಟೂ ಅಲುಗಾಡಲಿಲ್ಲ, ಇದಕ್ಕೆ ಇಡೀ ಕೇರಿ ಸಾಕ್ಷಿ. ಆದರೂ ತೀರ್ಪನ್ನು ಗೌರವಿಸುತ್ತೇವೆ. ಬದುಕಿದ್ದಾಗ ಅವಳಿಗೆ ಯಾರೂ ಯಾವ ಬಹುಮಾನವನ್ನೂ ಕೊಟ್ಟಿರಲಿಲ್ಲ.

ಸತ್ತವರೆಂದು ಒಪ್ಪಿಕೊಂಡರೆ ಉತ್ಸವಕ್ಕೆ ಕೆಟ್ಟ ಹೆಸರು, ನಟಿಯೆಂದು ಹೇಳಿದರೆ ಒಳ್ಳೆಯ ಹೆಸರು. ತಾವು ಆರಿಸಿಕೊಂಡದ್ದು ನನಗೆ ಅರ್ಥವಾಗುತ್ತದೆ. ಅರ್ಥವಾಗದ್ದು ಫಲಕ. ಗೊತ್ತಿದ್ದೂ ಗೊತ್ತಿದ್ದೂ ಒಂದು ಹೆಣದ ಮುಖವನ್ನು ಮನೆಯಷ್ಟು ದೊಡ್ಡದು ಮಾಡಿ ನಾಲ್ಕು ರಸ್ತೆ ಕೂಡುವಲ್ಲಿ ನಿಲ್ಲಿಸಲು ಎಂಥ ಎದೆ ಬೇಕು? ನಮ್ಮಲ್ಲಿ ಮುಖ ತೋರಿಸುವ ಹೊತ್ತೊಂದಿದೆ, ಅದು ಅಂಗಳದಲ್ಲಿ, ನಂಟರ ನಡುವೆ. ಮುಚ್ಚಳ ಹಾಕಿದ ಮೇಲೆ ಮುಗಿಯಿತು. ನಾವು ಮುಚ್ಚಳ ಹಾಕಿದ್ದೇವೆ. ತಾವು ತೆಗೆದಿದ್ದೀರಿ. ಬೇರೆ ಮಾತು ನನಗೆ ಗೊತ್ತಿಲ್ಲ.

ನನಗೆ ಪರಿಹಾರ ಬೇಡ. ಕ್ಷಮಾಪಣೆಯ ಪ್ರಕಟಣೆ ಬೇಡ, ಅದನ್ನೂ ತಾವು ಚೆನ್ನಾಗಿಯೇ ಬರೆಸುತ್ತೀರಿ. ಫಲಕವನ್ನು ಇಳಿಸಿ, ಅಷ್ಟೇ. ಇಳಿಸುವಾಗ ತಾವು ಖುದ್ದಾಗಿ ಅಲ್ಲಿ ನಿಂತಿರಬೇಕು, ಅದು ನೆಲಕ್ಕೆ ಬೀಳದ ಹಾಗೆ ನೋಡಿಕೊಳ್ಳಬೇಕು.

ನನಗಾಗಿ ಕೇಳುತ್ತಿಲ್ಲ. ನಾನು ಆ ವೃತ್ತದ ಕಡೆ ಹೋಗುವುದನ್ನೇ ಬಿಟ್ಟಿದ್ದೇನೆ, ದರ್ಜಿಗೆ ಬೇರೆ ದಾರಿಗಳಿವೆ. ದೊಡ್ಡಮ್ಮನಿಗೆ ದೂರದ್ದು ಕಾಣಿಸುವುದಿಲ್ಲ. ನನ್ನ ತಮ್ಮ ಅಕ್ವೇ ಟ್ರೋಟ್ರೋ, ಅಂದರೆ ಬಾಡಿಗೆ ವ್ಯಾನು, ಓಡಿಸುತ್ತಾನೆ. ಅವನ ಗಾಡಿಯ ದಾರಿ ಕಡಲ ರಸ್ತೆ, ಬದಲಿಸಲು ಬರುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಹೋಗುವಾಗಲೊಮ್ಮೆ ಬರುವಾಗಲೊಮ್ಮೆ ಆ ಫಲಕದ ಕೆಳಗೆ ಹಾಯಬೇಕು. ಮೊನ್ನೆ ಅವನ ಗಾಡಿಯಲ್ಲಿ ಮುಂದಿನ ಸೀಟಿನಲ್ಲಿ ಕೂತಿದ್ದ ನಮ್ಮ ಕೇರಿಯ ಹೆಂಗಸೊಬ್ಬಳು ಬಂದು ನನಗೆ ಹೇಳಿದಳು. ವೃತ್ತ ಹತ್ತಿರ ಬಂದಾಗ ಅವನು ಕಣ್ಣು ಮುಚ್ಚಿಕೊಳ್ಳುತ್ತಾನಂತೆ. ಗಾಡಿ ತುಂಬ ಜನರಿರುತ್ತಾರೆ, ಮಾನ್ಯರೇ.

ಇಂತಿ,
ತಮ್ಮ ಮೂರನೆಯ ಬಹುಮಾನ ವಿಜೇತೆಯ ಮಗಳು,
ತಮ್ಮ ಉತ್ಸವದಲ್ಲಿ ತನ್ನದೇ ಅಳುವಿಗೆ ಚಪ್ಪಾಳೆ ಗಿಟ್ಟಿಸಿದ ಕಡಲಕೇರಿಯ ದರ್ಜಿ,
ಡ್ರೋಮೊ